ಆಫ್ ಮಾಡಿ ಆನ್ ಮಾಡಿದೆ, ಸರಿಹೋಯ್ತು!

ಸಾಫ್ಟ್‌ವೇರ್ ಕೆಲಸದಲ್ಲಿ ಇರೋರಿಗೆ ಆಫೀಸಿನ ಆಚೆಗೂ ಒಂದು ಡ್ಯೂಟಿ ಇರುತ್ತೆ. ಅತ್ತೆಯ ಫೋನಲ್ಲಿ ವಾಟ್ಸಾಪ್ ತೆರೀತಿಲ್ಲ, ಪಕ್ಕದ ಮನೆ ಅಂಕಲ್‌ಗೆ ಟಿವಿಯಲ್ಲಿ ಮ್ಯಾಚ್ ಬರ್ತಿಲ್ಲ, ಊರಲ್ಲಿ ಚಿಕ್ಕಪ್ಪನ ಪ್ರಿಂಟರ್ ಮುನಿಸಿಕೊಂಡಿದೆ. ಎಲ್ಲದಕ್ಕೂ ಕರೆ ಬರೋದು ನಮಗೇ. ಒಳಗಿನ ಗುಟ್ಟು ಹೇಳಿಬಿಡ್ತೀನಿ, ನಮ್ಮ ಹತ್ತಿರ ಇರೋ ಮದ್ದು ಒಂದೇ: ‘ಒಂದ್ಸಲ ಆಫ್ ಮಾಡಿ ಆನ್ ಮಾಡಿ ನೋಡಿ.’ ಬಹಳಷ್ಟು ಸಲ ಸರಿಹೋಗುತ್ತೆ. ಅವರು ‘ಎಷ್ಟು ಬುದ್ಧಿವಂತ ಹುಡುಗ’ ಅಂತಾರೆ, ನಾವು ಸುಮ್ಮನೆ ನಗ್ತೀವಿ.

ಇದೇ ಮದ್ದನ್ನು ನಾನು ಎರಡು ಟನ್‌ಗಿಂತ ಹೆಚ್ಚು ತೂಕದ ಒಂದು ಗಾಡಿಗೂ ಹಾಕಿದೆ. ಅದರ ಕಥೆಯೇ ಈ ವಾರದ್ದು.

ಹೋದ ವರ್ಷ ನಾನೊಂದು ಲಕ್ಷುರಿ ಎಸ್‌ಯುವಿ ತಗೊಂಡೆ. ಹೊಸದಲ್ಲ, ಐದು ವರ್ಷ ಓಡಿದ್ದು. ಹೊಸದರ ಬೆಲೆಗೆ ನಮ್ಮೂರ ಕಡೆ ಒಂದು ಸಣ್ಣ ಕಾಫಿ ತೋಟವೇ ಬರುತ್ತೆ, ಹಾಗಾಗಿ ಸೆಕೆಂಡ್ ಹ್ಯಾಂಡ್. ಅದಕ್ಕೂ ಸಾಲ. ಯಾವ ಕಂಪನಿಯದ್ದು ಅಂತ ಹೇಳಲ್ಲ, ಯಾಕಂದ್ರೆ ಇಲ್ಲಿ ಹೇಳಬೇಕಾದ ಮಾತು ಕಂಪನಿಗಿಂತ ಹೆಚ್ಚಾಗಿ ನನ್ನದು. ಲೆದರ್ ಸೀಟು, ಮೇಲೆ ಆಕಾಶ ಕಾಣುವ ಗಾಜು, ಒಂದು ಬೆರಳಲ್ಲಿ ತಿರುಗುವ ಸ್ಟೀರಿಂಗ್. ಆ ಒಂದು ಬೆರಳಿನ ಸ್ಟೀರಿಂಗ್ ಮೇಲೆ ನನಗೆ ವಿಪರೀತ ಹೆಮ್ಮೆ. ಬಂದವರಿಗೆಲ್ಲ ತೋರಿಸಿದ್ದೇ ತೋರಿಸಿದ್ದು.

ಅಪ್ಪ ಬಂದು ಗಾಡಿಗೆ ಒಂದು ಸುತ್ತು ಹಾಕಿ, ಟಯರಿಗೆ ಕಾಲಲ್ಲಿ ತಟ್ಟಿ, ‘ಎಷ್ಟಾಯ್ತು?’ ಅಂದ್ರು. ನಾನು ಎರಡು ಲಕ್ಷ ಕಮ್ಮಿ ಮಾಡಿ ಹೇಳಿದೆ. ಅವರು ಮತ್ತೊಂದೇ ಪ್ರಶ್ನೆ ಕೇಳಿದ್ದು: ‘ಕೆಟ್ಟರೆ ಇದನ್ನ ಯಾರು ಬಿಚ್ಚುತಾರೆ?’ ಅಪ್ಪ ಇಪ್ಪತ್ತು ವರ್ಷ ಲಾರಿ ಓಡಿಸಿದವರು. ಮೂಡಿಗೆರೆ ಕಡೆಯಿಂದ ಮಂಗಳೂರಿಗೆ ಕಾಫಿ ಮೂಟೆ ಹೊರುತ್ತಿದ್ದ, ಪವರ್ ಸ್ಟೀರಿಂಗ್ ಅನ್ನೋ ಪದವೇ ಗೊತ್ತಿಲ್ಲದ ಲಾರಿ.

ನನ್ನ ಹೆಂಡತಿಗೆ ಎಂಟು ವರ್ಷದ ಡ್ರೈವಿಂಗ್ ಅನುಭವ. ನಮ್ಮ ಹಳೆಯ ಪುಟ್ಟ ಕಾರಿಗೆ ಒಂದು ಗೀರೂ ಬೀಳದ ಹಾಗೆ ಓಡಿಸಿದವಳು. ಆದರೆ ಈ ಗಾಡಿಯನ್ನು ಬೇಸ್‌ಮೆಂಟ್ ಪಾರ್ಕಿಂಗಿಗೆ ಹಾಕೋಕೆ ಮೊದಮೊದಲು ಎರಡು ಮೂರು ಸಲ ಹಿಂದೆ ಮುಂದೆ ಮಾಡ್ತಿದ್ದಳು. ನಾನು ಪಕ್ಕದಲ್ಲಿ ನಿಂತು ‘ಪೀಪ್... ಪೀಪ್... ಪೀಪ್ ಪೀಪ್ ಪೀಪ್’ ಅಂತ ಪಾರ್ಕಿಂಗ್ ಸೆನ್ಸರ್ ತರಹ ಕೂಗ್ತಿದ್ದೆ. ಐದು ವರ್ಷದ ಮಗಳು ಬಿದ್ದು ಬಿದ್ದು ನಗೋಳು. ಹೆಂಡತಿಯೂ ನಗ್ತಾ ಇದ್ದಳು ಅಂತ ನನ್ನ ನಂಬಿಕೆ. ಈ ಪೀಪ್ ಪೀಪ್ ನೆನಪಿಟ್ಟುಕೊಳ್ಳಿ, ಕೊನೆಯಲ್ಲಿ ಬೇಕಾಗುತ್ತೆ.

ಅಕ್ಟೋಬರ್ ಕೊನೆಯ ಒಂದು ಸೋಮವಾರ. ಆಫೀಸಿಗೆ ಹೊರಡಲು ಬೇಸ್‌ಮೆಂಟಲ್ಲಿ ರಿವರ್ಸ್ ತೆಗೀತಾ ಇದ್ದೆ. ಇದ್ದಕ್ಕಿದ್ದ ಹಾಗೆ ಸ್ಟೀರಿಂಗ್ ಗಟ್ಟಿಯಾಯ್ತು. ನೆನೆದ ಕಂಬಳಿ ಹಿಂಡಿದ ಹಾಗೆ. ಡಿಸ್‌ಪ್ಲೇಯಲ್ಲಿ ಹಳದಿ ಬಣ್ಣದ ಪುಟ್ಟ ಸ್ಟೀರಿಂಗ್ ಚಿತ್ರ, ಪಕ್ಕದಲ್ಲಿ ಆಶ್ಚರ್ಯಸೂಚಕ ಚಿಹ್ನೆ. ನಾನೇನು ಮಾಡಿದೆ ಅಂತ ನೀವು ಊಹಿಸಿರ್ತೀರಿ. ಆಫ್ ಮಾಡಿದೆ. ಹತ್ತು ಎಣಿಸಿದೆ. ಆನ್ ಮಾಡಿದೆ. ಸ್ಟೀರಿಂಗ್ ಬೆಣ್ಣೆ. ಹಳದಿ ದೀಪ ಮಾಯ.

ಆಫೀಸಲ್ಲಿ ನನ್ನ ಕೈಕೆಳಗಿನ ಹುಡುಗ ಯಾರಾದ್ರೂ ಬಂದು ‘ಸರ್, ಸರ್ವರ್ ಒಂದ್ಸಲ ಬಿತ್ತು, ರೀಸ್ಟಾರ್ಟ್ ಮಾಡಿದೆ, ಈಗ ಸರಿ ಇದೆ, ಟಿಕೆಟ್ ಕ್ಲೋಸ್ ಮಾಡ್ಲಾ?’ ಅಂದ್ರೆ ನಾನು ಅವನನ್ನ ಬಿಡೋದಿಲ್ಲ. ‘ಯಾಕೆ ಬಿತ್ತು ಅಂತ ಗೊತ್ತಾಯ್ತಾ? ಗೊತ್ತಾಗದೆ ಅದು ಹೇಗೆ ಸರಿಹೋದಂಗೆ?’ ಅಂತ ಅರ್ಧ ಗಂಟೆ ಪ್ರವಚನ ಕೊಡ್ತೀನಿ. ನನ್ನ ಗಾಡಿಯ ಟಿಕೆಟನ್ನು ಮಾತ್ರ ಹತ್ತು ಸೆಕೆಂಡಿನಲ್ಲಿ ಕ್ಲೋಸ್ ಮಾಡಿದೆ. ಯಾರಿಗೂ ಹೇಳಲಿಲ್ಲ. ಸರ್ವೀಸ್ ಸೆಂಟರಿಗೆ ಕೊಟ್ಟರೆ ಒಂದು ದಿನ ಹೋಗುತ್ತೆ, ಬಿಲ್ಲು ಎಷ್ಟು ಬರುತ್ತೋ, ಮೂರು ವಾರಕ್ಕೆ ಬೆಳ್ತಂಗಡಿಯಲ್ಲಿ ಅಕ್ಕನ ಮನೆ ಗೃಹಪ್ರವೇಶ ಬೇರೆ. ಅದು ಮುಗೀಲಿ, ಆಮೇಲೆ ನೋಡೋಣ ಅಂತ ನನಗೆ ನಾನೇ ಹೇಳಿಕೊಂಡೆ.

ಗೃಹಪ್ರವೇಶದ ಹಿಂದಿನ ದಿನ ಬೆಳಗಿನ ಜಾವ ಹೊರಟೆವು. ಹಾಸನ, ಬೇಲೂರು, ಮೂಡಿಗೆರೆ, ಕೊಟ್ಟಿಗೆಹಾರ. ಕೊಟ್ಟಿಗೆಹಾರದಲ್ಲಿ ಎಲ್ಲರೂ ಮಾಡುವ ಹಾಗೆ ನಿಲ್ಲಿಸಿ ನೀರುದೋಸೆ ತಿಂದೆವು. ಮಂಜು ದಟ್ಟವಾಗಿತ್ತು. ಅಲ್ಲಿಂದ ಚಾರ್ಮಾಡಿ ಘಾಟಿ ಇಳಿಯೋದು. ಒಂದು ಕಡೆ ಗುಡ್ಡ, ಇನ್ನೊಂದು ಕಡೆ ತಡೆಗೋಡೆ, ಅದರಾಚೆ ಮಂಜು ಬಿಟ್ಟರೆ ಏನೂ ಇಲ್ಲ. ಅಪ್ಪ ಮುಂದಿನ ಸೀಟಲ್ಲಿ, ಹೆಂಡತಿ ಮಗಳು ಹಿಂದೆ.

ಮೂರನೆಯದೋ ನಾಲ್ಕನೆಯದೋ ಹೇರ್‌ಪಿನ್ ತಿರುವು. ಸ್ಟೀರಿಂಗ್ ಅರ್ಧ ತಿರುಗಿಸಿದ್ದೆ, ಇನ್ನರ್ಧಕ್ಕೆ ಅದು ಬರಲೇ ಇಲ್ಲ. ಎದುರಿಂದ ಏರಿ ಬರುತ್ತಿದ್ದ ಬಸ್ಸಿನ ಹಾರ್ನು. ಗಾಡಿ ತಿರುವಿನ ಹೊರಗಡೆಗೆ, ಬಸ್ಸಿನ ಕಡೆಗೆ, ತಾನೇ ಹೋಗ್ತಾ ಇದೆ. ಬ್ರೇಕ್ ತುಳಿದೆ. ವೇಗ ಹೆಚ್ಚಿರಲಿಲ್ಲ, ನಿಂತಿತು. ಬಸ್ಸಿನ ಮೂತಿಗೂ ನಮಗೂ ಮಧ್ಯೆ ಒಂದು ಮಂಚ ಹಾಕುವಷ್ಟು ಜಾಗ. ಬಸ್ ಡ್ರೈವರ್ ಕಿಟಕಿಯಿಂದ ತಲೆ ಹಾಕಿ ಏನೋ ಅಂದ. ಅದು ನನಗೆ ಕೇಳಿಸಲಿಲ್ಲ, ಕೇಳಿಸದೆ ಇದ್ದದ್ದೇ ಒಳ್ಳೇದು. ಈ ಸಲ ಡಿಸ್‌ಪ್ಲೇಯಲ್ಲಿ ಬಂದ ಸ್ಟೀರಿಂಗ್ ಚಿತ್ರ ಕೆಂಪು.

ನನ್ನ ಮೊದಲ ಯೋಚನೆ ಏನು ಗೊತ್ತಾ? ಆಫ್ ಮಾಡೋಣ. ಕೈ ಬಟನ್ ಹತ್ತಿರ ಹೋಗಿತ್ತು ಕೂಡ. ಅಪ್ಪ ನನ್ನ ಕೈ ಹಿಡಿದುಕೊಂಡರು. ‘ಇಳಿಜಾರಲ್ಲಿ ಇಂಜಿನ್ ಆಫ್ ಮಾಡ್ತೀಯೇನೋ? ಬ್ರೇಕ್ ಗತಿ ಏನು?’

ಅವರು ಹೇಳಿದ್ದು ಸರಿ. ಕಾರಿನ ಬ್ರೇಕಿಗೂ ಇಂಜಿನ್ನೇ ನೆರವು ಕೊಡೋದು. ಆಫ್ ಆದ ಮೇಲೆ ಒಂದೆರಡು ಸಲ ತುಳಿಯುವಷ್ಟು ನೆರವು ಉಳಿದಿರುತ್ತೆ, ಆಮೇಲೆ ಪೆಡಲ್ ಕಲ್ಲಾಗುತ್ತೆ. ಕೆಲವು ಗಾಡಿಗಳಲ್ಲಿ ಸ್ಟೀರಿಂಗ್ ಲಾಕ್ ಬೇರೆ ಬಿದ್ದುಬಿಡುತ್ತೆ. ಸ್ಟೀರಿಂಗ್ ಭಾರವಾಗಿದೆ ಅಂತ ಇಂಜಿನ್ ಆಫ್ ಮಾಡಿದರೆ ಇರೋ ಬ್ರೇಕನ್ನೂ ಕಳೆದುಕೊಂಡ ಹಾಗೆ.

ತಿರುವಿನ ನಟ್ಟನಡುವೆ ನಿಂತಿರೋಕಂತೂ ಆಗಲ್ಲ. ಮಂಜಿನಲ್ಲಿ ಹಿಂದಿನಿಂದ ಬರುವವನಿಗೆ ನಾವು ಕಾಣೋದೂ ಇಲ್ಲ. ನಾಲ್ಕೂ ಇಂಡಿಕೇಟರ್ ಹಾಕಿದೆ. ಸ್ವಲ್ಪ ಕೆಳಗೆ ರಸ್ತೆ ಬದಿಯಲ್ಲಿ ಅಗಲವಾದ ಜಾಗ ಕಾಣುತ್ತಿತ್ತು. ಅಲ್ಲಿಯವರೆಗೆ ಹೋಗಬೇಕು. ನಾನು ನಿಂತಲ್ಲೇ ಸ್ಟೀರಿಂಗ್ ತಿರುಗಿಸೋಕೆ ನೋಡಿದೆ. ಎರಡೂ ಕೈ ಹಾಕಿ ಎಳೆದರೂ ಅಲ್ಲಾಡಲಿಲ್ಲ.

‘ನಿಂತಲ್ಲೇ ತಿರುಗಿಸಬೇಡ್ವೋ! ಒಂಚೂರು ಉರುಳಲಿ, ಉರುಳುತ್ತಾ ತಿರುಗಿಸು. ಜರ್ಕ್ ಮಾಡಬೇಡ, ಒಂದೇ ಸಮ ಎಳಿ.’

ಬ್ರೇಕ್ ಸ್ವಲ್ಪ ಸಡಿಲಿಸಿದೆ. ಗಾಡಿ ನಡಿಗೆಯ ವೇಗದಲ್ಲಿ ಉರುಳಿತು. ಸ್ಟೀರಿಂಗ್ ನಿಧಾನಕ್ಕೆ ಬಂತು. ಸಾಲದು ಅನ್ನಿಸಿದಾಗ ಅಪ್ಪ ತಮ್ಮ ಬಲಗೈಯನ್ನೂ ಸ್ಟೀರಿಂಗಿಗೆ ಹಾಕಿದರು. ಮೂರು ಕೈಗಳು ಸೇರಿ ಆ ‘ಒಂದು ಬೆರಳಿನ’ ಸ್ಟೀರಿಂಗನ್ನು ತಿರುಗಿಸಿದೆವು. ಜಾಗಕ್ಕೆ ಬಂದು ನಿಂತ ಮೇಲೆ ಅಪ್ಪ ಅಂಗೈ ಉಜ್ಜಿಕೊಳ್ಳುತ್ತಾ ಅಂದ ಮಾತು ನನಗೆ ಇನ್ನೂ ಮರೆತಿಲ್ಲ: ‘ಇದು ನನ್ನ ಲಾರಿಗಿಂತ ಭಾರ ಇದೆಯಲ್ಲೋ!’

ಆಮೇಲೆ ಓದಿ ತಿಳಿದೆ, ಅಪ್ಪನ ಮಾತು ಉತ್ಪ್ರೇಕ್ಷೆಯೇನಲ್ಲ. ಸ್ವಲ್ಪ ಬಿಡಿಸಿ ಹೇಳ್ತೀನಿ, ಕಾರಿದ್ದವರಿಗೆಲ್ಲ ಉಪಯೋಗ.

ಪವರ್ ಸ್ಟೀರಿಂಗ್ ಹೊಸದೇನಲ್ಲ. ಅಮೆರಿಕದ ಫ್ರಾನ್ಸಿಸ್ ಡೇವಿಸ್ ಅನ್ನೋ ಇಂಜಿನಿಯರ್ 1926ರಲ್ಲೇ ಅದನ್ನು ಒಂದು ಕಾರಿಗೆ ಅಳವಡಿಸಿ ಓಡಿಸಿ ತೋರಿಸಿದ್ದ. ಆತ ಕೆಲಸ ಮಾಡಿದ್ದು ಲಾರಿ ತಯಾರಿಸುವ ಕಡೆ, ಹಾಗಾಗಿ ಡ್ರೈವರುಗಳ ತೋಳಿನ ಕಷ್ಟ ಗೊತ್ತಿತ್ತು. ಜನ ಕೊಳ್ಳುವ ಕಾರಿನಲ್ಲಿ ಅದು ಬಂದದ್ದು 1951ರಲ್ಲಿ, ಕ್ರೈಸ್ಲರ್ ಇಂಪೀರಿಯಲ್ ಜೊತೆ. ಅದು ಎಣ್ಣೆಯ ಒತ್ತಡದಿಂದ ಕೆಲಸ ಮಾಡುವ ಬಗೆ. ಇಂಜಿನ್ನು ಒಂದು ಪಂಪ್ ತಿರುಗಿಸುತ್ತೆ, ಪಂಪು ಎಣ್ಣೆಯನ್ನು ಒತ್ತುತ್ತೆ, ಎಣ್ಣೆ ಚಕ್ರಗಳನ್ನು ತಿರುಗಿಸೋಕೆ ನೆರವಾಗುತ್ತೆ. ಈಗಿನ ಬಹುತೇಕ ಕಾರುಗಳಲ್ಲಿ ಎಣ್ಣೆ ಬದಲು ವಿದ್ಯುತ್ ಮೋಟರ್. ಮಜಾ ಅಂದ್ರೆ ಆ ಮೋಟರ್ ಮೊದಲು ಬಂದದ್ದು ಯಾವುದೋ ಐಷಾರಾಮಿ ಕಾರಿನಲ್ಲಲ್ಲ. 1988ರಲ್ಲಿ ಜಪಾನಿನಲ್ಲಿ ಬಂದ ಸುಜುಕಿ ಸೆರ್ವೋ ಅನ್ನೋ ಚಿಕ್ಕ ಕಾರಿನಲ್ಲಿ.

ಅದು ಕೆಲಸ ಮಾಡೋದು ಹೀಗೆ. ಸ್ಟೀರಿಂಗಿನಿಂದ ಕೆಳಕ್ಕೆ ಹೋಗುವ ಕಂಬಿಯ ನಡುವೆ ಒಂದು ಸಣ್ಣ ತೆಳು ಸರಳು ಇರುತ್ತೆ. ನೀವು ಸ್ಟೀರಿಂಗ್ ತಿರುಗಿಸಿದಾಗ ಅದು ಕೂದಲೆಳೆಯಷ್ಟು ತಿರುಚಿಕೊಳ್ಳುತ್ತೆ. ಎಷ್ಟು ತಿರುಚಿತು ಅಂತ ಒಂದು ಸೆನ್ಸರ್ ಅಳೆಯುತ್ತೆ, ಕಂಪ್ಯೂಟರ್ ಲೆಕ್ಕ ಹಾಕುತ್ತೆ, ಮೋಟರ್ ಅಷ್ಟು ಬಲ ಸೇರಿಸುತ್ತೆ. ಪಾರ್ಕಿಂಗ್ ಮಾಡುವಾಗ ಹೆಚ್ಚು ನೆರವು, ಹೈವೇಯಲ್ಲಿ ಕಮ್ಮಿ. ನಿಂತ ದೊಡ್ಡ ಗಾಡಿಯ ಚಕ್ರ ತಿರುಗಿಸುವಾಗ ಆ ಮೋಟರ್ ನಮ್ಮ ಅಡುಗೆಮನೆಯ ಮಿಕ್ಸಿಯಷ್ಟು ವಿದ್ಯುತ್ ಎಳೆಯಬಲ್ಲದು, ಅದೂ 12 ವೋಲ್ಟಿನ ಬ್ಯಾಟರಿಯ ವ್ಯವಸ್ಥೆಯಿಂದ. ಅದಕ್ಕೇ ಬ್ಯಾಟರಿ ಸೊರಗಿದರೆ ಎಷ್ಟೋ ಕಾರುಗಳಲ್ಲಿ ಮೊದಲು ಗೊಣಗೋದು ಸ್ಟೀರಿಂಗು.

ಮುಖ್ಯವಾದ ವಿಷಯ ಇದು: ಪವರ್ ಹೋದರೂ ಸ್ಟೀರಿಂಗ್ ಹೋಗಲ್ಲ. ನಿಮ್ಮ ಕೈಯಿಂದ ಚಕ್ರದವರೆಗೆ ಕಬ್ಬಿಣದ ಕೊಂಡಿ ಹಾಗೇ ಇರುತ್ತೆ. ನೆರವು ಮಾತ್ರ ನಿಲ್ಲುತ್ತೆ. ನಮ್ಮ ಸಾಫ್ಟ್‌ವೇರ್ ಭಾಷೆಯಲ್ಲಿ ಇದಕ್ಕೆ ‘ಗ್ರೇಸ್‌ಫುಲ್ ಡಿಗ್ರೇಡೇಷನ್’ ಅಂತೀವಿ, ಕೆಟ್ಟರೂ ಮರ್ಯಾದೆಯಿಂದ ಕೆಡೋದು. ವಿಶ್ವಸಂಸ್ಥೆಯ ವಾಹನ ನಿಯಮಗಳಲ್ಲಿ 79ನೆಯದು ಸ್ಟೀರಿಂಗ್ ಬಗ್ಗೆ ಇರೋದು. ಅದರ ಪ್ರಕಾರ ಪವರ್ ಹೋದ ಕಾರನ್ನು ಗಂಟೆಗೆ 10 ಕಿಲೋಮೀಟರ್ ವೇಗದಲ್ಲಿ 20 ಮೀಟರ್ ತ್ರಿಜ್ಯದ ತಿರುವಿಗೆ ತಿರುಗಿಸೋಕೆ 300 ನ್ಯೂಟನ್‌ಗಿಂತ ಹೆಚ್ಚು ಬಲ ಬೇಕಾಗಬಾರದು. ಅಂದರೆ ಸುಮಾರು 30 ಕೆಜಿ ತೂಕ ಎತ್ತುವಷ್ಟು. ದೊಡ್ಡದೊಂದು ಅಕ್ಕಿ ಮೂಟೆಯನ್ನು ಎಳೆದುಕೊಂಡು ತಿರುವು ಹಾಕಿದ ಹಾಗೆ. ಘಾಟಿಯ ಹೇರ್‌ಪಿನ್ನು ಅದಕ್ಕಿಂತ ಬಿಗಿ.

ಹಾಗಾದ್ರೆ ಅಪ್ಪನ ಲಾರಿ ಯಾಕೆ ಹಗುರ? ಅದರ ಸ್ಟೀರಿಂಗ್ ಚಕ್ರ ತಟ್ಟೆಯಷ್ಟಲ್ಲ, ಮೊರದಷ್ಟು ದೊಡ್ಡದು. ಸನ್ನೆಕೋಲು ಉದ್ದವಾದಷ್ಟು ಬಲ ಕಮ್ಮಿ ಸಾಕು. ಗೇರಿನ ಲೆಕ್ಕವೂ ಬೇರೆ. ಡ್ರೈವರ್ ಹಲವು ಸುತ್ತು ತಿರುಗಿಸಬೇಕು, ಆದರೆ ಪ್ರತಿ ಸುತ್ತೂ ತೋಳಿಗೆ ನಿಲುಕುವಂಥದ್ದು. ಮನುಷ್ಯನ ತೋಳನ್ನೇ ನೆಚ್ಚಿ ಮಾಡಿದ ಯಂತ್ರ ಅದು. ನನ್ನ ಗಾಡಿಯನ್ನು ಮಾಡಿದ್ದು ಮೋಟರನ್ನು ನೆಚ್ಚಿ. ಚಿಕ್ಕ ಚಕ್ರ, ಕಮ್ಮಿ ಸುತ್ತು, ಅಗಲ ಟಯರು, ಎರಡು ಟನ್ ಮೈ. ಮೋಟರ್ ಕೈ ಬಿಟ್ಟರೆ, ಮೊದಲಿಂದ ಪವರ್ ಇಲ್ಲದ ಗಾಡಿಗಿಂತಲೂ ಇದು ಕಷ್ಟ.

ಘಾಟಿಗೆ ವಾಪಸ್ ಬರ್ತೀನಿ. ಸುರಕ್ಷಿತ ಜಾಗದಲ್ಲಿ ನಿಂತು, ಹ್ಯಾಂಡ್‌ಬ್ರೇಕ್ ಹಾಕಿ, ಚಕ್ರಕ್ಕೆ ಕಲ್ಲು ಕೊಟ್ಟ ಮೇಲೆ ಇಂಜಿನ್ ಆಫ್ ಮಾಡಿದೆ. ಹತ್ತು ನಿಮಿಷ ಬಿಟ್ಟು ಆನ್ ಮಾಡಿದೆ. ಸ್ಟೀರಿಂಗ್ ಬೆಣ್ಣೆ! ಕೆಂಪು ದೀಪವೂ ಇಲ್ಲ.

‘ಸರಿಹೋಯ್ತಲ್ಲ, ನಿಧಾನಕ್ಕೆ ಇಳಿದುಬಿಡೋಣ,’ ಅಂದಳು ಹೆಂಡತಿ. ಅಪ್ಪನೂ ‘ಹೂಂ’ ಅನ್ನುವ ಹಾಗೆ ನನ್ನ ಮುಖ ನೋಡಿದರು. ಕೆಳಗೆ ಇನ್ನೂ ಎಷ್ಟೋ ತಿರುವು. ಮಗಳು ಹಿಂದಿನ ಸೀಟಲ್ಲಿ ಬೊಂಬೆಗೆ ಜಡೆ ಹಾಕ್ತಾ ಇದ್ದಳು.

ಆಗ ಹೇಳಲೇಬೇಕಾಯ್ತು. ‘ಬೇಡ. ಇದು ಮೊದಲ ಸಲ ಅಲ್ಲ. ಮೂರು ವಾರದ ಹಿಂದೆ ಒಂದ್ಸಲ ಹಿಂಗೇ ಆಗಿತ್ತು. ಆಗ್ಲೂ ಆಫ್ ಮಾಡಿ ಆನ್ ಮಾಡಿದ್ದೆ.’

ಯಾರೂ ಮಾತಾಡಲಿಲ್ಲ. ಬೈದಿದ್ದರೆ ಎಷ್ಟೋ ವಾಸಿ ಇತ್ತು. ಹೆಂಡತಿ ಕೇಳಿದ್ದು ಎರಡೇ ಪದ: ‘ಮೂರು ವಾರ?’ ಅಷ್ಟಂದು ಮಗಳನ್ನು ಇಳಿಸಿ, ಬ್ಯಾಗ್ ತಗೊಂಡು, ರಸ್ತೆ ಬದಿ ನಿಂತಳು. ಅರ್ಧ ಗಂಟೆಗೆ ಧರ್ಮಸ್ಥಳದ ಬೋರ್ಡ್ ಹಾಕಿದ್ದ ಬಸ್ ಬಂತು. ಕೈ ಮಾಡಿದ್ದಕ್ಕೆ ಡ್ರೈವರ್ ಘಾಟಿ ಮಧ್ಯದಲ್ಲೇ ನಿಲ್ಲಿಸಿ ಇಬ್ಬರನ್ನೂ ಹತ್ತಿಸಿಕೊಂಡರು. ಮಗಳು ಕಿಟಕಿಯಿಂದ ಟಾಟಾ ಮಾಡಿದಳು. ಅವಳಮ್ಮ ಮಾಡಲಿಲ್ಲ.

ನಾನೂ ಅಪ್ಪನೂ ಉಳಿದೆವು. ಒಂದು ಫರ್ಲಾಂಗ್ ಮೇಲಕ್ಕೆ ನಡೆದರೆ ಫೋನಿನಲ್ಲಿ ಒಂದು ಕಡ್ಡಿ ಸಿಗ್ನಲ್. ಟೋಯಿಂಗಿನವರಿಗೆ ಹೇಳುವಾಗ ‘ಹಗ್ಗ ಕಟ್ಟಿ ಎಳೆಯೋದು ಬೇಡ, ಇಡೀ ಗಾಡಿ ಹೊರುವ ಫ್ಲ್ಯಾಟ್‌ಬೆಡ್ಡೇ ಬೇಕು’ ಅಂತ ಮೂರು ಸಲ ಹೇಳಿದೆ. ತಿರುಗದ ಸ್ಟೀರಿಂಗ್ ಇರುವ ಗಾಡಿಯನ್ನು ಘಾಟಿಯಲ್ಲಿ ಹಗ್ಗಕ್ಕೆ ಕಟ್ಟುವುದಕ್ಕಿಂತ ಅಪಾಯ ಬೇರೆ ಇಲ್ಲ. ಅದು ಬರೋಕೆ ನಾಲ್ಕು ಗಂಟೆ ಹಿಡಿಯಿತು. ಅಷ್ಟು ಹೊತ್ತೂ ಅಪ್ಪ ಹಳೆಯ ಕಥೆ ಹೇಳಿದರು. ಲಾರಿಯಲ್ಲಿ ಏನೇ ಹೊಸ ಸದ್ದು ಬಂದರೂ ಮೊದಲು ಕ್ಲೀನರ್ ಹುಡುಗನಿಗೆ ‘ನಿಂಗೂ ಕೇಳ್ತಾ?’ ಅಂತ ಕೇಳುತ್ತಿದ್ದರಂತೆ. ‘ಯಾಕೆ? ಅವನಿಗೇನು ಗೊತ್ತಿರ್ತಿತ್ತು?’ ಅಂದೆ. ‘ಗೊತ್ತಿರ್ಲಿಲ್ಲ. ಆದ್ರೆ ಇಬ್ಬರಿಗೆ ಕೇಳಿದ ಸದ್ದನ್ನ ಒಬ್ಬ ಮರೆಯೋಕಾಗಲ್ಲ,’ ಅಂದರು.

ಗೃಹಪ್ರವೇಶ ಮುಗಿಸಿ ಬೆಂಗಳೂರಿಗೆ ಬಂದ ಮೇಲೆ ಸರ್ವೀಸ್ ಸೆಂಟರ್. ಅಲ್ಲಿ ಲ್ಯಾಪ್‌ಟಾಪ್ ಜೋಡಿಸಿ ಗಾಡಿಯ ಕಂಪ್ಯೂಟರಿನ ದಾಖಲೆ ತೆಗೆದರು. ದೀಪ ಆರಿದರೂ ಒಳಗೆ ಲಾಗ್ ಉಳಿದಿರುತ್ತೆ. ಯಾವ ದಿನ, ಎಷ್ಟು ಕಿಲೋಮೀಟರ್ ಓಡಿದ್ದಾಗ ತೊಂದರೆ ಬಂತು ಅಂತ ಎಲ್ಲ ಇತ್ತು. ದಿನಾ ಅದೇ ತರಹದ ಲಾಗ್ ಓದಿ ಸಂಬಳ ತಗೊಳ್ಳೋ ನಾನು, ನನ್ನದೇ ತಪ್ಪಿನ ಲಾಗ್ ಓದಿದೆ. ಅದರಲ್ಲಿ ಮೂರು ಎಂಟ್ರಿ. ಬೇಸ್‌ಮೆಂಟಿನದ್ದು ಒಂದು, ಘಾಟಿಯದ್ದು ಒಂದು. ಮಧ್ಯದಲ್ಲಿ ಇನ್ನೊಂದು, ಒಂದು ಮಂಗಳವಾರ ಬೆಳಿಗ್ಗೆ 8:40. ಅದು ನನ್ನದಲ್ಲ.

ಅದನ್ನು ಆಮೇಲೆ ಹೇಳ್ತೀನಿ. ಮೊದಲು ಬಿಲ್ಲಿನ ವಿಷಯ.

ಚಕ್ರಗಳನ್ನು ತಿರುಗಿಸುವ ಉದ್ದನೆಯ ಭಾಗಕ್ಕೆ ಸ್ಟೀರಿಂಗ್ ರ‍್ಯಾಕ್ ಅಂತಾರೆ. ಅದರ ಎರಡೂ ತುದಿಗೆ ಹಾರ್ಮೋನಿಯಂ ತಿದಿಯ ಹಾಗೆ ಮಡಿಕೆ ಮಡಿಕೆಯಾದ ರಬ್ಬರಿನ ಹೊದಿಕೆ ಇರುತ್ತೆ, ಬೂಟ್ ಅಂತಾರೆ. ನನ್ನ ಗಾಡಿಯ ಎಡಗಡೆ ಬೂಟ್ ಹರಿದಿತ್ತು. ಅಲ್ಲಿಂದ ಮಳೆನೀರು ಒಳಗೆ ಹೋಗಿ, ತುಕ್ಕು ಹಿಡಿದು, ಸೆನ್ಸರಿನ ಹತ್ತಿರದವರೆಗೂ ತೇವ ಮುಟ್ಟಿತ್ತು. ಒಂದ್ಸಲ ಸರಿ, ಒಂದ್ಸಲ ತಪ್ಪು ಓದುವ ಸೆನ್ಸರನ್ನು ಕಂಪ್ಯೂಟರ್ ನಂಬಲ್ಲ, ನೆರವನ್ನೇ ನಿಲ್ಲಿಸುತ್ತೆ. ತಪ್ಪು ಕಡೆಗೆ ತಿರುಗಿಸುವುದಕ್ಕಿಂತ ತಿರುಗಿಸದೆ ಇರೋದು ವಾಸಿ ಅನ್ನೋ ಲೆಕ್ಕ. ರೀಸ್ಟಾರ್ಟ್ ಮಾಡಿದಾಗ ಅದು ಮೊದಲಿಂದ ಪರೀಕ್ಷೆ ಮಾಡುತ್ತೆ, ಆ ಕ್ಷಣಕ್ಕೆ ಎಲ್ಲ ಸರಿ ಕಂಡರೆ ದೀಪ ಆರುತ್ತೆ. ತುಕ್ಕು ಅಲ್ಲೇ ಇರುತ್ತೆ.

ಕೆಲವು ನೂರು ರೂಪಾಯಿಯ ರಬ್ಬರಿನ ತಪ್ಪಿಗೆ ಎಸ್ಟಿಮೇಟ್ 3,64,000 ರೂಪಾಯಿ. ರ‍್ಯಾಕ್ ರಿಪೇರಿ ಮಾಡಲ್ಲ, ಇಡಿಯಾಗಿ ಬದಲಾಯಿಸಬೇಕು ಅಂದರು. ವಾರಂಟಿ ಮುಗಿದಿತ್ತು. ‘ಕೆಟ್ಟರೆ ಯಾರು ಬಿಚ್ಚುತಾರೆ’ ಅನ್ನೋ ಅಪ್ಪನ ಪ್ರಶ್ನೆಗೆ ಉತ್ತರ ಸಿಕ್ಕಿತ್ತು: ಯಾರೂ ಬಿಚ್ಚಲ್ಲ.

ಮನೆಗೆ ಬಂದು ಹಳೆಯ ಕಾಗದ ಹರಡಿಕೊಂಡು ಕೂತೆ. ಜುಲೈನಲ್ಲಿ ಅದೇ ಸರ್ವೀಸ್ ಸೆಂಟರಿನಲ್ಲಿ ಸರ್ವೀಸ್ ಆಗಿತ್ತು. ಅವರು ಕೊಟ್ಟ ಚೆಕ್‌ಲಿಸ್ಟಿನಲ್ಲಿ ‘ಸ್ಟೀರಿಂಗ್ ಬೂಟ್’ ಎದುರು ಹಸಿರು ಟಿಕ್. ಒಳಗಿನ ತುಕ್ಕು ನೋಡಿದರೆ ಅದು ನಿನ್ನೆ ಮೊನ್ನೆ ಹರಿದದ್ದಲ್ಲ ಅಂತ ಅವರ ಮೆಕ್ಯಾನಿಕ್ಕೇ ಒಪ್ಪಿದ್ದ. ನಾನು ಜಗಳಕ್ಕೆ ಹೋಗಲಿಲ್ಲ. ದೋಷದ ಕೋಡ್‌ಗಳ ಪ್ರಿಂಟ್, ಹರಿದ ಬೂಟಿನ ಫೋಟೋ, ಆ ಚೆಕ್‌ಲಿಸ್ಟ್, ಮೂರನ್ನೂ ಸೇರಿಸಿ ಕಂಪನಿಯ ಗ್ರಾಹಕ ವಿಭಾಗಕ್ಕೆ ಒಂದು ಪುಟದ ಮೇಲ್ ಬರೆದೆ. ಹಳದಿ ದೀಪ ಬಂದಾಗ ನಾನು ತರಲಿಲ್ಲ ಅನ್ನೋದನ್ನೂ ಮುಚ್ಚಿಡದೆ ಬರೆದೆ, ಹೇಗೂ ಲಾಗಿನಲ್ಲಿ ಇತ್ತಲ್ಲ. ಐದು ವಾರ, ಹನ್ನೊಂದು ಮೇಲ್ ಆದ ಮೇಲೆ ರ‍್ಯಾಕಿನ ಬೆಲೆಯಲ್ಲಿ ಅರ್ಧವನ್ನು ಅವರು ಹೊತ್ತರು. ‘ಸೌಹಾರ್ದದಿಂದ ಕೊಡುತ್ತಿದ್ದೇವೆ, ತಪ್ಪು ಒಪ್ಪಿಕೊಂಡಂತಲ್ಲ’ ಅಂತ ದಪ್ಪಕ್ಷರದಲ್ಲಿ ಬರೆದಿದ್ದರು. ಇನ್ನರ್ಧ ನನ್ನ ಮೂರು ವಾರದ ಮೌನದ ಬಾಬ್ತು ಅಂದುಕೊಂಡೆ.

ನಿಮಗೆ ಇಂಥದ್ದು ಬಂದರೆ ಉಪಯೋಗವಾಗಲಿ ಅಂತ ಕೆಲವು ಮಾತು. ಸೆಕೆಂಡ್ ಹ್ಯಾಂಡ್ ಗಾಡಿ ಕೊಳ್ಳುವಾಗ ಅದನ್ನು ಲಿಫ್ಟಿಗೆ ಏರಿಸಿ ಕೆಳಗಿನ ರಬ್ಬರ್ ಬೂಟ್‌ಗಳನ್ನು ನೋಡಿ, ಬಣ್ಣ ಆಮೇಲೆ ನೋಡಿ. ನಿಮ್ಮ ಮಾಡೆಲ್ಲಿಗೆ ರೀಕಾಲ್ ಇದೆಯಾ ಅಂತ 17 ಅಕ್ಷರದ ಚಾಸಿ ನಂಬರ್ ಹಾಕಿ ಕಂಪನಿಯ ವೆಬ್‌ಸೈಟಿನಲ್ಲಿ ಹುಡುಕಿ. ಸುರಕ್ಷತೆಯ ದೋಷವಿದ್ದರೆ ಕಂಪನಿಗಳು ವಾಹನಗಳನ್ನು ಹಿಂದಕ್ಕೆ ಕರೆಸಿ ಸರಿಮಾಡಿಕೊಡಬೇಕು ಅನ್ನುವ ನಿಯಮ ನಮ್ಮಲ್ಲಿ 2021ರ ಏಪ್ರಿಲ್‌ನಿಂದ ಇದೆ, ಏಳು ವರ್ಷದೊಳಗಿನ ವಾಹನಗಳಿಗೆ. ನನ್ನದು ಆ ಪಟ್ಟಿಯಲ್ಲಿ ಇರಲಿಲ್ಲ, ನಿಮ್ಮದು ಇರಬಹುದು. ಸರ್ವೀಸ್ ಸೆಂಟರ್ ಏನು ಹೇಳಿದರೂ ಬರವಣಿಗೆಯಲ್ಲಿ ಕೇಳಿ. ಮಾತುಕತೆ ಮುರಿದರೆ 1915 ರಾಷ್ಟ್ರೀಯ ಗ್ರಾಹಕ ಸಹಾಯವಾಣಿ. ಅದೂ ಆಗದಿದ್ದರೆ ಜಿಲ್ಲಾ ಗ್ರಾಹಕರ ಆಯೋಗ. ನೀವು ಕೊಟ್ಟ ಹಣ 5 ಲಕ್ಷದೊಳಗಿದ್ದರೆ ಶುಲ್ಕವಿಲ್ಲ, ಆದರೆ ಎರಡು ವರ್ಷದೊಳಗೆ ಹೋಗಬೇಕು.

ಓಡಿಸುವಾಗ ಸ್ಟೀರಿಂಗ್ ಗಟ್ಟಿಯಾದರೆ? ಎರಡೂ ಕೈಯಲ್ಲಿ ಹಿಡೀರಿ, ವೇಗ ಇಳಿಸಿ, ಇಂಜಿನ್ ಆಫ್ ಮಾಡಬೇಡಿ, ಇಂಡಿಕೇಟರ್ ಹಾಕಿ, ಉರುಳುತ್ತಾ ತಿರುಗಿಸಿ, ಸಿಕ್ಕ ಮೊದಲ ಸುರಕ್ಷಿತ ಜಾಗದಲ್ಲಿ ನಿಲ್ಲಿ. ಆಮೇಲೆ ಅದು ತಾನಾಗಿ ಸರಿಹೋದರೂ ನಂಬಬೇಡಿ.

ಈಗ ಆ ಮಂಗಳವಾರ, 8:40.

ಲಾಗಿನ ಪ್ರಿಂಟ್ ತಂದು ಊಟದ ಮೇಜಿನ ಮೇಲೆ ಇಟ್ಟಿದ್ದೆ. ಹೆಂಡತಿ ಅದನ್ನು ನೋಡಿ, ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಅದು ನಾನು’ ಅಂದಳು. ಮಗಳನ್ನು ಸ್ಕೂಲಿಗೆ ಬಿಟ್ಟು ಯು ಟರ್ನ್ ಹಾಕುವಾಗ ಸ್ಟೀರಿಂಗ್ ಗಟ್ಟಿಯಾಗಿತ್ತಂತೆ. ಹಿಂದೆ ಸ್ಕೂಲ್ ವ್ಯಾನ್‌ಗಳ ಹಾರ್ನು. ಗಾಡಿ ಅಲ್ಲೇ ಆಫ್ ಆಗಿ, ಮತ್ತೆ ಸ್ಟಾರ್ಟ್ ಮಾಡಿದಾಗ ಸರಿಹೋಯ್ತಂತೆ.

‘ಹೇಳ್ಬಾರ್ದಾ?’ ಅಂದೆ.

‘ಹೇಳಿದ್ರೆ ನೀನು ಪೀಪ್ ಪೀಪ್ ಅಂತಿದ್ದೆ,’ ಅಂದಳು. ‘ನಂಗೇ ಓಡ್ಸಕ್ ಬರ್ತಿಲ್ಲ ಅನ್ಕೊಂಡೆ.’

ಅವಳು ಸಿಟ್ಟಿನಿಂದ ಹೇಳಲಿಲ್ಲ. ಇದ್ದದ್ದನ್ನು ಇದ್ದ ಹಾಗೆ ಹೇಳಿದಳು. ಸ್ಟೀರಿಂಗ್ ರ‍್ಯಾಕ್ ಕೆಟ್ಟಿತ್ತು, ಅವಳು ತನ್ನ ತೋಳನ್ನು ಅನುಮಾನಿಸಿದ್ದಳು. ಇಬ್ಬರಿಗೂ ಕೇಳಿಸಿದ ಸದ್ದು ಅದು. ನಾನು ಬಿಲ್ಲಿಗೆ ಹೆದರಿ ಹೇಳಲಿಲ್ಲ, ಅವಳು ನನ್ನ ತಮಾಷೆಗೆ ಅಂಜಿ ಹೇಳಲಿಲ್ಲ. ಅಪ್ಪನ ಕ್ಲೀನರ್ ಹುಡುಗನಿಗೆ ಇದ್ದಷ್ಟು ಧೈರ್ಯ ನಮ್ಮ ಮನೆಯಲ್ಲಿ ಅವಳಿಗೆ ಇರಲಿಲ್ಲ ಅಂದ್ರೆ ಅದರ ಹೊಣೆ ಯಾರದ್ದು ಅಂತ ನನಗೆ ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ. ಕ್ಷಮೆ ಕೇಳಿದೆ. ‘ಹೂಂ’ ಅಂದಳು. ಅದು ಯಾವ ‘ಹೂಂ’ ಅಂತ ಮದುವೆಯಾದವರಿಗೆ ಗೊತ್ತು.

ಈಗ ಫ್ರಿಜ್ ಪಕ್ಕ ಹಾಲಿನ ಲೆಕ್ಕದ ಪುಸ್ತಕ ಇದೆಯಲ್ಲ, ಅದರ ಹಿಂದಿನ ಪುಟದಲ್ಲಿ ಗಾಡಿಯ ಲೆಕ್ಕ. ಯಾವ ದೀಪ ಬಂದರೂ, ಯಾವ ಸದ್ದು ಬಂದರೂ, ಯಾರು ಓಡಿಸುತ್ತಿದ್ದರೋ ಅವರು ತಾರೀಖು ಹಾಕಿ ಬರೀಬೇಕು. ಸಣ್ಣದು ಅಂತ ಬಿಡೋ ಹಾಗಿಲ್ಲ, ನಗೋ ಹಾಗಿಲ್ಲ. ಮೊನ್ನೆ ಅದರಲ್ಲಿ ಪೆನ್ಸಿಲಿನಲ್ಲಿ ದೊಡ್ಡ ಅಕ್ಷರದಲ್ಲಿ ಹೊಸದೊಂದು ಎಂಟ್ರಿ ಇತ್ತು, ನಮ್ಮ ಮಗಳದ್ದು: ‘ಹಿಂದಿನ ಸೀಟು ಕಿರ್ ಅನ್ನುತ್ತೆ.’ ಹೋಗಿ ಕೂತು ನೋಡಿದೆ. ಹೌದು, ಕಿರ್ ಅನ್ನುತ್ತೆ.

ಶನಿವಾರ ತೋರಿಸೋಕೆ ಅಪಾಯಿಂಟ್‌ಮೆಂಟ್ ತಗೊಂಡಿದ್ದೀನಿ. ಮುಂದಿನ ವಾರ ಸಿಗೋಣ.